ಹೊರಗಿನವನು ಒಳಗಾಗುವ ವಿಧಿ

ಹೊನ್ನಪ್ಪನ ಮನೆಯವರು ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಡಾ. ಓಂಕಾರಪ್ಪನಿಗೆ ಖಾತ್ರಿಯಾಯಿತು. ಬಾಗಿಲು ತಟ್ಟಿದ ಕೂಡಲೇ ಒಳಗಿನ ಮಾತು ನಿಂತಿತು. ಯಾರೋ ಟಿವಿ ಆರಿಸಿದರು. ಯಾರೋ "ಬಂದ್ರು, ಬಂದ್ರು" ಎಂದರು.

ಮಾನವಶಾಸ್ತ್ರಜ್ಞನಿಗೆ ಇಂಥ ಪಿಸುಮಾತೆಂದರೆ ಹಬ್ಬದೂಟ. ಕಲ್ಕತ್ತೆಯ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಓಂಕಾರಪ್ಪ ನಲವತ್ತರ ಹೊಸ್ತಿಲಲ್ಲಿದ್ದ ಅವಿವಾಹಿತ. ಬುಡಕಟ್ಟುಗಳ ಮೇಲೆ ಎರಡು ಪುಸ್ತಕ ಬರೆದಿದ್ದ. ಅವನ್ನು ಆ ಬುಡಕಟ್ಟಿನವರು ಓದಿರಲಿಲ್ಲ, ಉಳಿದವರೂ ಓದಿರಲಿಲ್ಲ. ಮೂರನೆಯದು ಹೊರನಾಡ ಕನ್ನಡಿಗರ ಬಗ್ಗೆ. ಇದೂ ಬಿದ್ದರೆ ಪ್ರೊಫೆಸರ್ ಹುದ್ದೆಯ ಆಸೆ ಬಿಡಬೇಕಿತ್ತು.

ದಾವಣಗೆರೆಯ ಸೋದರತ್ತೆ ಇಂದಿರಮ್ಮನಿಗೆ ಫೋನಿನಲ್ಲಿ ತನ್ನ ಸಂಶೋಧನೆಯನ್ನು ವಿವರಿಸಿದ್ದ. ಆಕೆ ಅರ್ಧ ಕೇಳಿಸಿಕೊಂಡು, "ಕಲ್ಕತ್ತೆಯ ಗಾರ್ಡನ್ ರೀಚಿನಾಗೆ ನಮ್ಮ ಕಡೆಯೋರು ಅದಾರೆ, ಹೋಗಿ ನೋಡು. ನಾನೂ ಅವರಿಗೆ ಹೇಳಿರ್ತೀನಿ" ಎಂದು ವಿಳಾಸ ಕೊಟ್ಟಿದ್ದಳು.

ಹೀಗೆ ಭಾನುವಾರಗಳು ಶುರುವಾದವು. ಹಡಗುಕಟ್ಟೆಯ ಎಂಜಿನಿಯರ್ ಹೊನ್ನಪ್ಪನನ್ನು ಎದುರಿಗೆ ಕೂರಿಸಿಕೊಂಡು ಟೇಪ್‌ರೆಕಾರ್ಡರ್ ಒತ್ತುತ್ತಿದ್ದ. ಮನೆದೇವರು ಯಾವುದು? ಕುಲದ ಬೆಡಗು ಯಾವುದು? ಅಜ್ಜಿಯ ತವರು ಎಲ್ಲಿ?

"ಹಿಂಗೆ ಬುಡಮಟ್ಟ ವಿಚಾರಿಸೋರು ಈಗ ಕಡಿಮೆ ಬಿಡ್ರಿ," ಎಂದು ಹೊನ್ನಪ್ಪ ಹಿಗ್ಗುತ್ತಿದ್ದ. ಅವನ ಹೆಂಡತಿ ಕೋಕಿಲಾ ಬೇಡವೆಂದರೂ ಇನ್ನೊಂದು ರೊಟ್ಟಿ ಬಡಿಸುತ್ತಿದ್ದಳು.

ಹೊನ್ನಪ್ಪನ ತಂಗಿ ಕೃಷ್ಣವೇಣಿಯೂ ಅಲ್ಲೇ ಕೂತಿರುತ್ತಿದ್ದಳು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಓಂಕಾರಪ್ಪ ಅವಳನ್ನು ಅಧ್ಯಯನದಿಂದ ಕೈಬಿಟ್ಟಿದ್ದ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವವಳಲ್ಲಿ ಯಾವ ಸಂಸ್ಕೃತಿ ಉಳಿದೀತು? ಅವನ ಶಾಸ್ತ್ರದ ರೂಢಿಯಂತೆ ವಂಶವೃಕ್ಷದಲ್ಲಿ ಗಂಡಿಗೆ ತ್ರಿಕೋನ, ಹೆಣ್ಣಿಗೆ ಒಂದು ಸೊನ್ನೆ. ಅವಳ ಪಾಲಿಗೂ ಒಂದು ಸೊನ್ನೆ ಬರೆದು ಮುಂದಕ್ಕೆ ಹೋಗಿದ್ದ. ಆದರೆ ಅವಳ ನಗು ಟೇಪಿನಲ್ಲಿ ಬಿದ್ದ ಜಾಗವನ್ನು ಮಾತ್ರ ಕೋಣೆಗೆ ಹೋಗಿ ಮತ್ತೆ ಮತ್ತೆ ಕೇಳುತ್ತಿದ್ದ, ಧ್ವನಿಯ ಗುಣಮಟ್ಟ ನೋಡಲಿಕ್ಕೆ.

ಒಮ್ಮೆ ಅವಳೇ ಕೇಳಿದಳು. "ನೀವು ಬರೀ ಪ್ರಶ್ನೆ ಕೇಳ್ತೀರೋ, ಇಲ್ಲಾ ಮಾತೂ ಆಡ್ತೀರೋ?"

"ವಿದ್ವಾಂಸನಾದವನು ದೂರ ನಿಂತು ನೋಡಬೇಕಾಗುತ್ತೆ."

"ಎಷ್ಟು ದೂರ?"

ಅವನು ಹೊನ್ನಪ್ಪನ ಕಡೆ ತಿರುಗಿ ಮುತ್ತಜ್ಜನ ವಿಷಯ ತೆಗೆದ.

ಒಳಗಿನ ಮಾತು ತಟ್ಟನೆ ನಿಂತ ಆ ಭಾನುವಾರ ಬಾಗಿಲು ತೆರೆದಾಗ ಒಳಗೆ ಹೊನ್ನಪ್ಪನ ದೊಡ್ಡಪ್ಪ ಹಿರಿಯಣ್ಣ ಕೂತಿದ್ದ. ರೈಲ್ವೆಯಿಂದ ನಿವೃತ್ತನಾಗಿ ದಕ್ಷಿಣೇಶ್ವರದಲ್ಲಿದ್ದವನು ಓಂಕಾರಪ್ಪನನ್ನು ನೋಡಲೆಂದೇ ಬಂದಿದ್ದ. ಓಂಕಾರಪ್ಪನನ್ನು ನದಿಯ ದಡಕ್ಕೆ ನಡೆಸಿಕೊಂಡು ಹೋಗಿ, ದೂರದ ಲಾಂಚಿನ ಮೇಲಿದ್ದ ಹೆಸರು ಓದಿಸಿದ. "ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತೇನ್ರಿ?" ಎಂದ. ವಾಪಸು ಬಂದರೆ ಕೋಕಿಲಾ ಪಕ್ಕದ ಮನೆಯ ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿ, ಅಡುಗೆಮನೆಯಿಂದ ಇಣುಕಿದಳು. ಕೂಸು ಅತ್ತಿತು. ಯಾರೂ ಎತ್ತಿಕೊಳ್ಳಲಿಲ್ಲ.

ಓಂಕಾರಪ್ಪನಿಗೆ ತಟ್ಟನೆ ಹೊಳೆಯಿತು. ಇದು ದೀಕ್ಷೆ! ಅಪರಿಚಿತನನ್ನು ಕುಲಕ್ಕೆ ಸೇರಿಸಿಕೊಳ್ಳುವ ಮುನ್ನ ಕಣ್ಣು, ಕಾಲು, ತಾಳ್ಮೆ ಪರೀಕ್ಷಿಸುವ ಪುರಾತನ ಪದ್ಧತಿ! ಈವರೆಗೆ ಯಾವ ವಿದ್ವಾಂಸನ ಕಣ್ಣಿಗೂ ಬಿದ್ದದ್ದಲ್ಲ. ಬಾಡಿಗೆ ಕೋಣೆಗೆ ಮರಳಿ ಒಂದೇ ಉಸಿರಿಗೆ ಅಧ್ಯಾಯ ಬರೆದು 'ಹೊರಗಿನವನು ಒಳಗಾಗುವ ವಿಧಿ' ಎಂದು ಹೆಸರಿಟ್ಟ. ಬರೆಯುತ್ತ ಬರೆಯುತ್ತ ಅವನಿಗೆ ನಿಜಕ್ಕೂ ಸಂತೋಷವಾಯಿತು. ಬಹಳ ಕಾಲದಿಂದ ಅವನನ್ನು ಯಾರೂ ಯಾವುದಕ್ಕೂ ಸೇರಿಸಿಕೊಂಡಿರಲಿಲ್ಲ.

ವಾರದ ಕೊನೆಗೆ ಹೊನ್ನಪ್ಪನ ಫೋನ್ ಬಂತು. "ಎಲ್ಲಾರೂ ಕೂತು ಮಾತಾಡೀವಿ. ಬರ್ರಿ, ಹೇಳ್ತೀವಿ."

ಓಂಕಾರಪ್ಪ ಹೊಸ ಅಂಗಿ ಹಾಕಿಕೊಂಡು, ಒಂದು ಡಬ್ಬಿ ಸಂದೇಶ್ ಮಿಠಾಯಿ ಕಟ್ಟಿಸಿಕೊಂಡು ಹೋದ. ಒಳಗಾಗುವ ಗಳಿಗೆ ದಾಖಲಾಗಲೆಂದು ಟೇಪ್‌ರೆಕಾರ್ಡರ್ ಒತ್ತಿದ. ಹೊನ್ನಪ್ಪ ಕೈ ಚಾಚಿ ಅದನ್ನು ಆರಿಸಿದ. ಕೃಷ್ಣವೇಣಿ ಅಲ್ಲಿರಲಿಲ್ಲ. ಸಿಹಿಯ ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

"ತಪ್ಪು ತಿಳ್ಕೋಬ್ಯಾಡ್ರಿ," ಎಂದು ಹೊನ್ನಪ್ಪ ತಲೆ ತಗ್ಗಿಸಿದ. "ನಮಗೆಲ್ಲಾ ನೀವು ಒಪ್ಪಿಗೆ ಆಗಿದ್ರಿ, ಇಂದಿರಮ್ಮನೋರಿಗೂ ಹೇಳೀವಿ. ಆದ್ರೆ ಕೃಷ್ಣವೇಣಿ ಒಲ್ಲೆ ಅಂತಾಳ್ರಿ. ಮನೆದೇವರಿಂದ ಮುತ್ತಜ್ಜನ ತನಕ ಎಲ್ಲಾರ ಹೆಸರೂ ವಿಚಾರಿಸಿದ್ರಂತೆ, ಕಟ್ಟಿಕೊಳ್ಳೋಳ ಹೆಸರು ಮಾತ್ರ ಒಂದು ದಿನವೂ ಕೇಳಲಿಲ್ಲವಂತೆ."