ಹಸಿರಾಗದ ಗುರಿ

‘ಮುಗಿದಿದೆ’ ಎಂಬ ಗುಂಡಿಯನ್ನು ಮ್ಯಾನೇಜರ್ ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮೆಕ್ಯಾನಿಕ್‌ನ ಗ್ರೀಸು ಮೆತ್ತಿದ ಕೈ ಪರದೆಗೆ ಅಡ್ಡ ಬಂತು.

“ಒತ್ತಬೇಡಿ ಮೇಡಂ.”

ಕಂಪನಿಯ ಸಾಫ್ಟ್‌ವೇರಿನಲ್ಲಿ ಅವನ ವರ್ಷದ ಗುರಿಗಳ ಪೈಕಿ ಕೆಂಪಗೆ ಉಳಿದದ್ದು ಒಂದೇ: ‘ಪ್ಯಾಕಿಂಗ್ ಯಂತ್ರದ ರಿಪೇರಿಯನ್ನು ಹೊಸ ಹುಡುಗಿಗೆ ಕಲಿಸುವುದು.’ ಗಡುವು ಮೀರಿತ್ತು. ಸಂಜೆಯೊಳಗೆ ಆ ಕೆಂಪು ಹೋಗದಿದ್ದರೆ ಅವನ ಬಡ್ತಿ ಹೋದಂತೆಯೇ.

“ಯಾಕ್ರೀ, ಇನ್ನೂ ಕಲಿಸಿಲ್ವಾ?”

“ಕಲಿಸಾಯ್ತು. ನನಗಿಂತ ಚೆನ್ನಾಗಿ ಮಾಡ್ತಾಳೆ, ಅದೇ ಭಯ. ಮುಗೀತು ಅಂತ ನೀವು ಒತ್ತಿದ ಮೇಲೆ ಮೇಲಿನವರಿಗೆ ನಾನ್ಯಾಕೆ ಬೇಕು? ಮನೇಲಿ ಎರಡು ಮಕ್ಕಳಿವೆ.”

“ಕೆಂಪು ಉಳಿದ್ರೂ ನಿಮ್ಮ ಕುತ್ತಿಗೆಗೇ ಬರುತ್ತಲ್ಲ.”

“ಅತ್ತ ದರಿ, ಇತ್ತ ಪುಲಿ. ದರಿಯಾದ್ರೆ ಬೀಳೋಕೆ ಸ್ವಲ್ಪ ಹೊತ್ತಾದ್ರೂ ಹಿಡಿಯುತ್ತೆ ಮೇಡಂ.”

ಅವಳಿಗೆ ನಗು ಬರಲಿಲ್ಲ. ಗಡುವನ್ನು ಮೂರು ತಿಂಗಳು ಮುಂದೆ ತಳ್ಳಿದಳು. ಕೆಂಪು ಮಾಯವಾಯಿತು. ಅವನು ಪರದೆಗೆ ತಾಗಿದ್ದ ಗ್ರೀಸನ್ನು ಅಂಗಿಯ ತೋಳಿನಿಂದ ಒರೆಸಿ ಹೊರಟ.

ಬೆಳಗಿನಿಂದ ತೆರೆಯಲು ಧೈರ್ಯ ಬಾರದಿದ್ದ ತನ್ನದೇ ಪುಟವನ್ನು ಅವಳು ಆಗ ತೆರೆದಳು. ಅಲ್ಲಿಯೂ ಒಂದು ಕೆಂಪು ಸಾಲು: ‘ನಿಮ್ಮ ಕೆಲಸವನ್ನು ಸಹಾಯಕನಿಗೆ ಕಲಿಸುವುದು.’ ಸಹಾಯಕ ಅದನ್ನು ಎಂದೋ ಕಲಿತಾಗಿತ್ತು. ಗಡುವನ್ನು ಮುಂದೆ ತಳ್ಳುವ ಗುಂಡಿಗಾಗಿ ಪುಟವಿಡೀ ಹುಡುಕಿದಳು. ಅದು ಇದ್ದದ್ದು ಅವಳ ಮೇಲಿನವರ ಪರದೆಯಲ್ಲಿ.