ಬಾವಿಯ ಕಲ್ಲಿನ ಮೇಲೆ ಕೂತ ತಿರ್ಚಾ

"ನೀನು ನಮ್ಮ ಕಡೆಯೋ, ಅವರ ಕಡೆಯೋ?"

ಯಾರಾದರೂ ಹೀಗೆ ಕೇಳಿದರೆ ನನಗೆ ಮೈ ಉರಿಯುತ್ತದೆ... ಆಫೀಸಿನಲ್ಲೂ ಇದೇ, ಫ್ಯಾಮಿಲಿ ಗ್ರೂಪಿನಲ್ಲೂ ಇದೇ!

ಹೀಬ್ರೂ ಜನರ ಪ್ರಾಚೀನ ಧರ್ಮಗ್ರಂಥಗಳಲ್ಲಿ ಅಣ್ಣತಮ್ಮಂದಿರ ಪೈಪೋಟಿಗೆ ಲೆಕ್ಕವೇ ಇಲ್ಲ. ಆ ಕಾಲವನ್ನು ನೆನೆದು ಕಟ್ಟಿದ ಒಂದು ಕಥೆ ಹೇಳುತ್ತೇನೆ...

ಶೆಮೆರ್ ಮತ್ತು ಯಾಮಿನ್ ಅಣ್ಣತಮ್ಮಂದಿರು. ಕುರಿ ಮೇಯಿಸುವ ಕುಲದವರು.

ಹೆತ್ತ ತಾಯಿ ಬೇಗ ತೀರಿಕೊಂಡಳು. ಇಬ್ಬರನ್ನೂ ಎತ್ತಿ ಆಡಿಸಿ ಬೆಳೆಸಿದವಳು ಮನೆಯ ದಾಸಿ ತಿರ್ಚಾ.

ತಂದೆ ಸತ್ತ ಮೇಲೆ ಗುಡಾರಗಳು ಬೇರೆಯಾದವು. ತಿರ್ಚಾ ಹಿರಿಯವನಾದ ಶೆಮೆರನ ಜೊತೆ ಹೋದಳು.

ಒಂದು ಬೇಸಿಗೆಯಲ್ಲಿ ಶೆಮೆರನ ಬಾವಿ ಬತ್ತಿತು. ಅದೇ ಹೊತ್ತಿಗೆ ಗುಡ್ಡದಾಚೆ ಯಾಮಿನ್ ತೋಡಿಸಿದ ಹೊಸ ಬಾವಿಯಲ್ಲಿ ನೀರು ಉಕ್ಕಿತು...

"ನನ್ನ ನೀರನ್ನೇ ಕದ್ದಿದ್ದಾನೆ! ನನಗಿಲ್ಲದ ನೀರು ಅವನಿಗೂ ಬೇಡ. ನಡೀರಿ, ಮಣ್ಣು ತುಂಬಿ ಮುಚ್ಚಿಬಿಡೋಣ," ಅಂದ ಶೆಮೆರ್.

ಆಳುಗಳೆಲ್ಲ "ಹೌದು ಒಡೆಯಾ, ಸರಿ ಒಡೆಯಾ" ಅಂದರು. ಒಬ್ಬನಾದರೂ ಬೇಡ ಅನ್ನಬೇಕಲ್ಲ? ಊಹೂಂ!

ತಿರ್ಚಾ ಯಾರಿಗೂ ಹೇಳದೆ ಅವರಿಗಿಂತ ಮೊದಲೇ ಗುಡ್ಡ ದಾಟಿದಳು. ಬಾವಿಯ ಬಾಯಿ ಮುಚ್ಚಿದ್ದ ಕಲ್ಲಿನ ಮೇಲೆ ಕೂತುಬಿಟ್ಟಳು.

ಮಣ್ಣಿನ ಬುಟ್ಟಿ ಹೊತ್ತ ಆಳುಗಳ ಜೊತೆ ಶೆಮೆರ್ ಬಂದ. "ಏಳವ್ವಾ."

"ಏಳಲ್ಲ. ಮಣ್ಣು ಹಾಕೋದಿದ್ರೆ ನನ್ನ ತಲೆ ಮೇಲೇ ಹಾಕು."

"ಇಷ್ಟು ವರ್ಷ ನನ್ನ ರೊಟ್ಟಿ ತಿಂದು, ಈಗ ಅವನ ಕಡೆ ಸೇರ್ಕೊಂಡ್ಯಾ?"

ಮುದುಕಿಯ ಕಣ್ಣು ಕೆಂಪಾಯಿತು.

"ನಿನ್ನ ಕಡೆ ಕಣೋ ನಾನು! ಅದಕ್ಕೇ ಇಲ್ಲಿ ಕೂತಿದ್ದೀನಿ. ನೀರಿಗೆ ಮಣ್ಣು ಹಾಕಿದವನ ಮಕ್ಕಳು ಅಂತ ನಿನ್ನ ಮಕ್ಕಳನ್ನ ಜನ ಆಡ್ಕೋಬೇಕಾ?"

ಶೆಮೆರ್ ಸಿಟ್ಟಿನಲ್ಲಿ ಬುಟ್ಟಿ ಎತ್ತಿದ... ಸುರಿದೇಬಿಟ್ಟ!

ಬಿಳಿಗೂದಲೆಲ್ಲ ಮಣ್ಣು. ಕಣ್ಣೊಳಗೂ ಮಣ್ಣು. ಆಕೆ ಕದಲಲಿಲ್ಲ...

ಅಷ್ಟರಲ್ಲಿ ಯಾಮಿನ್ ದೊಣ್ಣೆ ಹಿಡಿದು ಓಡಿ ಬಂದ.

"ಅವ್ವಾ, ಸಾಕು ಇವನ ಸಹವಾಸ. ನನ್ನ ಗುಡಾರಕ್ಕೆ ಬಾ. ಇವನನ್ನ ನಾನು ನೋಡ್ಕೋತೀನಿ!"

ತಿರ್ಚಾ ಸಿಡಿದೆದ್ದಳು.

"ದೊಣ್ಣೆ ಕೆಳಗಿಡೋ! ಅಣ್ಣನ ಮಕ್ಕಳು ಬಾಯಾರಿ ಅಳ್ತಿದ್ರೆ ಒಂದು ಕೊಡ ನೀರು ಕಳಿಸಿದ್ಯಾ? ಇವನ ಮೈ ಮುಟ್ಟಿ ನೋಡು... ನಿನ್ನ ಪಾಲಿಗೆ ಈ ಅವ್ವ ಸತ್ತಳು ಅಂದ್ಕೋ!"

ಯಾಮಿನ್ ತಲೆ ತಗ್ಗಿಸಿದ. ದೊಣ್ಣೆ ಕೈಯಿಂದ ಜಾರಿತು.

ತಲೆಗೆ ಮಣ್ಣು ಸುರಿದವನನ್ನು ಉಳಿಸಲು ಮುದುಕಿ ಜಗಳಕ್ಕೆ ನಿಂತಿದ್ದಳು...

ಶೆಮೆರ್ ಕುಸಿದು ಕೂತ. ತನ್ನ ಅಂಗಿಯ ಅಂಚಿನಿಂದ ಆಕೆಯ ಕಣ್ಣು ಒರೆಸುತ್ತ ಮಗುವಿನಂತೆ ಅತ್ತ.

"ತಪ್ಪಾಯ್ತವ್ವಾ..."

"ಅಳೋದು ಆಮೇಲೆ! ಮೊದಲು ಇಬ್ರೂ ಸೇರಿ ಈ ಕಲ್ಲು ಸರಿಸಿ. ಮಕ್ಕಳಿಗೆ ನೀರು ಬೇಕು."

ಆಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಣ್ಣತಮ್ಮಂದಿರು ಒಟ್ಟಿಗೆ ಕಲ್ಲಿಗೆ ಕೈ ಹಾಕಿದರು...

ನೀವು ತಪ್ಪು ಮಾಡಲು ಹೊರಟಾಗ ಬೈದು ಅಡ್ಡ ನಿಲ್ಲುವವರೇ ನಿಮ್ಮವರು.

ಹಾಗೆ ಬೈದರು ಎಂಬ ಕಾರಣಕ್ಕೇ ನೀವು ಮಾತು ಬಿಟ್ಟಿರುವವರು ಯಾರಾದರೂ ಇದ್ದಾರಾ...?