ಪರ್ಮಿಷನ್ ಇಲ್ಲ

ಅಕ್ಕನ ಮಗನ ಅಂಕ ತಿದ್ದುವ ಮೊದಲು, ಪರೀಕ್ಷಾ ವಿಭಾಗದ ಚಂಪಕಾ ತನ್ನ ಅಂಕಪಟ್ಟಿ ಫೋಲ್ಡರನ್ನು ದಿನಾ ನಕಲು ಮಾಡಿಡಲು ಸರ್ವರ್ ಬ್ಯಾಕಪ್‌ಗಿದ್ದ ಪರ್ಮಿಷನ್ ತೆಗೆದುಹಾಕಿದ್ದಳು. ತಿದ್ದಿದ್ದರ ಗುರುತು ಇನ್ನೊಂದು ಕಡೆ ಉಳಿಯಬಾರದಲ್ಲ!

ಈಗ ಪ್ರಾಂಶುಪಾಲರ ಕೋಣೆಯಿಂದ ಎದ್ದು ಹೋಗೋಣವೆಂದರೆ, ವಿಚಾರಣೆಗೆ ಬಂದವರು ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸರ್ವರ್ ನೋಡಿಕೊಳ್ಳುವವನು ಲ್ಯಾಪ್‌ಟಾಪಿನಿಂದ ತಲೆಯೆತ್ತಿದ.

"ಮೂರು ತಿಂಗಳಿಂದ ಮೇಡಂ ಫೋಲ್ಡರ್ ಬ್ಯಾಕಪ್ಪೇ ಆಗಿಲ್ಲ ಸಾರ್. ದಿನಾ 'ಪರ್ಮಿಷನ್ ಇಲ್ಲ' ಅಂತ ಎರರ್ ಬಂದಿದೆ."

"ಅಂದ್ರೆ ಏನೂ ಸಿಗಲ್ವೇನ್ರೀ?" ಎಂದರು ಪ್ರಾಂಶುಪಾಲರು.

ಚಂಪಕಾ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

"ಹೊಸ ಕಾಪಿ ಸಿಗಲ್ಲ ಸಾರ್. ಆದ್ರೆ ಹೊಸದು ಬಂದಾಗ್ಲೇ ಅಲ್ವಾ ಹಳೇದು ಅಳಿಸಿ ಹೋಗೋದು? ಅದು ಬರ್ಲೇ ಇಲ್ಲ. ಎರರ್ ಶುರುವಾಗೋ ಹಿಂದಿನ ದಿನದ ಅಂಕಪಟ್ಟಿ ಹಾಗೇ ಕೂತಿದೆ."